ಹೊಕ್ಕು ಅಡ್ಡ, ಹಾಸು ನೆಟ್ಟಗೆ

ನಮ್ಮ ಶಾಲೆಯ ಮೆಟ್ಟಿಲಿನ ಪಕ್ಕದಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಎರಡು ಗೂಟಗಳ ನಡುವೆ ಅಡ್ಡಲಾಗಿ ಬೆಸೆದಿಟ್ಟ ಒಂದು ಕಬ್ಬಿಣದ ಪಟ್ಟಿ ಇದೆ. ಯಾವುದೋ ಹಳೆಯ ಚಕ್ಕಡಿಯ ಗಾಲಿಗೆ ತೊಡಿಸಿದ್ದ ಪಟ್ಟಿಯ ತುಂಡು ಅದು. ಗಾಲಿಯ ಜೊತೆ ಎಷ್ಟು ಊರು ತಿರುಗಿತ್ತೋ, ಈಗ ನಮ್ಮ ಬಾಗಿಲಿಗೆ ಬಂದು ನಿಂತುಬಿಟ್ಟಿದೆ. ಅದಕ್ಕೆ ಇರುವುದು ಒಂದೇ ಕೆಲಸ. ಮಳೆಗಾಲದಲ್ಲಿ ಬಂದವರೆಲ್ಲ ಒಂದೊಂದು ಕಾಲನ್ನೂ ಅದರ ಮೇಲಿಟ್ಟು, ಚಪ್ಪಲಿಯ ಅಡಿಗೆ ಅಂಟಿದ ಎರೆಮಣ್ಣನ್ನು ಕೆರೆದು ಕೆಡವಿ, ಆಮೇಲೆ ಒಳಗೆ ಬರಬೇಕು. ಅದರ ಅಂಚು ಮಕ್ಕಳ ಕಾಲಿಗೆ ಸವೆದು ಸವೆದು ನಡುವೆ ಸ್ವಲ್ಪ ತಗ್ಗಾಗಿದೆ. ನಾನು ದಿನವೂ ಬೆಳಿಗ್ಗೆ ಅದನ್ನು ನೋಡಿಕೊಂಡೇ ಒಳಗೆ ಹೋಗುತ್ತೇನೆ. ಯಾಕೆ ನೋಡುತ್ತೇನೆಂದು ಕೇಳಿದರೆ ಚಟ ಎಂದು ಹೇಳಬಹುದು, ಆದರೆ ಚಟಕ್ಕೂ ಒಂದು ಚರಿತ್ರೆ ಇರುತ್ತದಲ್ಲವೇ?

ಎರೆಮಣ್ಣನ್ನು ಕಾಲಿನಿಂದ ಅರಿಯದವರಿಗೆ ಈ ಪಟ್ಟಿಯ ಮಹತ್ವ ತಿಳಿಯುವುದಿಲ್ಲ. ನನ್ನ ತವರು ಮಿಶ್ರಿಕೋಟಿ ಕಡೆ. ಅಲ್ಲಿಯ ಮಣ್ಣು ಒಂದು ಚೊಂಬು ನೀರು ಸುರುವಿದರೆ ಹೇಳಿದ ಮಾತು ಕೇಳುತ್ತದೆ, ಕಾಲು ಬಿಟ್ಟು ಹೋಗುತ್ತದೆ. ನೌಕರಿಯ ನೆಪದಲ್ಲಿ ಈ ನವಲಗುಂದ ಸೀಮೆಗೆ ಬಂದ ಮೊದಲ ಮಳೆಗಾಲದಲ್ಲಿ, ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನನ್ನ ಎಡಗಾಲಿನ ಚಪ್ಪಲಿಯನ್ನು ಭೂಮಿತಾಯಿ ತನ್ನಲ್ಲಿಯೇ ಇಟ್ಟುಕೊಂಡುಬಿಟ್ಟಳು. ಈ ಮಣ್ಣು ಹಾಗೆಯೇ. ಹಚ್ಚಿಕೊಂಡರೆ ಬಿಡುವುದಿಲ್ಲ, ಹೆಜ್ಜೆ ಹೆಜ್ಜೆಗೂ ಮತ್ತೊಂದು ಪದರ ಸೇರಿ, ಶಾಲೆ ಮುಟ್ಟುವ ಹೊತ್ತಿಗೆ ಒಂದೊಂದು ಕಾಲಲ್ಲೂ ಒಂದೊಂದು ಕೂಸನ್ನು ಎತ್ತಿಕೊಂಡು ಬಂದಷ್ಟು ಭಾರ.

ಹಲವು ಮಳೆಗಾಲ ನೋಡಿ ನೋಡಿ ನನಗೊಂದು ವಿದ್ಯೆ ಕೈವಶವಾಗಿತ್ತು. ತರಗತಿಯ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳ ಮಣ್ಣನ್ನು ನೋಡಿಯೇ ಇಂದು ಒಳಗೆ ಯಾರು ಯಾರು ಇದ್ದಾರೆಂದು ಹೇಳಬಲ್ಲೆ. ಅಂಚಿನವರೆಗೆ ಕರಿಮಣ್ಣು ಮೆತ್ತಿ ಸಣ್ಣ ದಿಬ್ಬಗಳಂತೆ ಕುಳಿತವು ಮೊರಬದ ಬಸ್ಸಿನವು. ಅದರಲ್ಲೂ ಹಿಮ್ಮಡಿಯ ಪಟ್ಟಿಗೂ ಮಣ್ಣು ಏರಿದ್ದರೆ ಊರೊಳಗಿನ ಮನೆಯಲ್ಲ, ಹೊಲದೊಳಗಿನ ಮನೆ. ಅಡಿಯಲ್ಲಷ್ಟೇ ತೆಳ್ಳಗೆ ಬೂದುಬಣ್ಣ ಹತ್ತಿದ್ದರೆ ಪೇಟೆಯ ಕಾಂಕ್ರೀಟ್ ಓಣಿಯವು. ಸಣ್ಣ ಮಿಣುಕು ಹರಳು ಕೂಡಿಸಿದ, ಪಟ್ಟಿಯ ಸಂದಿಯಲ್ಲಿ ಬಣ್ಣದ ನೂಲಿನ ಎಳೆ ಸಿಕ್ಕಿಕೊಂಡ ಚಪ್ಪಲಿಗಳು ಜಮಖಾನೆ ನೇಯುವ ಓಣಿಯ ಹುಡುಗಿಯರವು. ಯಾವ ಮಣ್ಣೂ ಇಲ್ಲದೆ ಬಂದವು ಅಪ್ಪನ ಬೈಕಿನ ಹಿಂದೆ ಕುಳಿತು ಬಂದವು. ಅಂಥವು ನಮ್ಮಲ್ಲಿ ಕಡಿಮೆ, ಏಕೆಂದರೆ ಅಂಥ ಬೈಕುಗಳು ಬಹುಪಾಲು ನಮ್ಮ ಶಾಲೆಯ ಮುಂದೆ ಹಾಯ್ದು ಮುಂದಿನ ಇಂಗ್ಲಿಷ್ ಮಾಧ್ಯಮದ ಗೇಟಿನಲ್ಲಿ ನಿಲ್ಲುತ್ತವೆ.

ವರ್ಷಕ್ಕೊಮ್ಮೆ ಇಲಾಖೆಯವರು ನಮ್ಮ ಮಕ್ಕಳ ವಿವರ ಕೇಳುತ್ತಾರೆ. ಗಂಡೆಷ್ಟು, ಹೆಣ್ಣೆಷ್ಟು, ಯಾವ ವರ್ಗ, ಮನೆಯ ಮಾತು ಯಾವುದು, ತಂದೆಯ ಉದ್ಯೋಗವೇನು. ಆಮೇಲೆ ಇನ್ನೊಂದು ಹಾಳೆ: ಪಾಸೆಷ್ಟು, ನಪಾಸೆಷ್ಟು. ಎರಡೂ ಹಾಳೆಗಳನ್ನು ಬಾಜೂ ಬಾಜೂ ಇಟ್ಟು ನೋಡುವ ಯಾರಿಗಾದರೂ ಇಂಥ ಮನೆಯ ಮಕ್ಕಳಿಗೆ ಇಂಥ ಅಂಕ ಎಂದು ತೀರ್ಮಾನಿಸುವ ಆಸೆ ಹುಟ್ಟುವುದು ಸಹಜ. ತಪ್ಪೆಂದು ನಾನು ಹೇಳುವುದಿಲ್ಲ. ಕೇಳುವವರಿಗೆ ಕೇಳುವ ಕಾರಣವಿರುತ್ತದೆ, ಆ ಲೆಕ್ಕದಿಂದಲೇ ನಮಗೆ ಬಿಸಿಯೂಟ ಬರುತ್ತದೆ, ಸೈಕಲ್ಲು ಬಂದದ್ದೂ ಅದರಿಂದಲೇ. ನನಗೆ ಬೇಸರ ಬರುವುದು ಮದುವೆ ಮನೆಗಳಲ್ಲಿ. ಎಲೆಯ ಮುಂದೆ ಕುಳಿತಾಗ ಪಕ್ಕದವರು ಗೋಧಿ ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತ, "ನಿಮ್ಮ ಸಾಲಿ ರಿಸಲ್ಟ್ ಹ್ಯಾಂಗ ಆತ್ರಿ ಈ ಸಲ?" ಎನ್ನುತ್ತಾರೆ. ನಾನು ಹೇಳುತ್ತೇನೆ. "ಸರಕಾರಿ ಸಾಲಿ, ಅದೂ ಇಂಥಾ ಹುಡುಗೂರನ್ನ ಇಟ್ಕೊಂಡು ಇಷ್ಟು ತಂದೀರಿ ಅಂದ್ರ ಬೇಷ್ ಬಿಡ್ರಿ," ಎನ್ನುತ್ತಾರೆ. ಹೊಗಳಿಕೆಯೇ ಅದು. ಆದರೆ 'ಇಂಥಾ' ಎಂಬ ಆ ಎರಡಕ್ಷರ, ಹುಗ್ಗಿಯಲ್ಲಿ ಸಿಕ್ಕ ಹರಳಿನಂತೆ, ನುಂಗಲೂ ಆಗದು, ಮಂದಿಯ ಮುಂದೆ ಉಗುಳಲೂ ಆಗದು.

ಎಂಥಾ ಹುಡುಗರು ಎಂದು ಹೇಳಲು ನನಗೆ ಒಂದು ವರ್ಷದ ಕಥೆ ಸಾಕು. ಬೇಸರವಿಲ್ಲದಿದ್ದರೆ ಕೇಳಿ.

ನಾನು ಕಲಿಸುವುದು ಗಣಿತ. ಆ ವರ್ಷದ ಹತ್ತನೆಯ ತರಗತಿಯಲ್ಲಿ ಮೊರಬದ ಶಿವಲೀಲಾ ಎಂಬ ಹುಡುಗಿಯಿದ್ದಳು. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ತಾಯಿ ಬಸವ್ವ ಕೂಲಿಯ ಹೆಂಗಸರ ಗ್ಯಾಂಗಿನಲ್ಲಿ ಟ್ರ್ಯಾಕ್ಟರ್ ಹತ್ತಿ ಊರೂರಿನ ಹೊಲಗಳಿಗೆ ಹೋಗುವವಳು. ಮಳೆ ಮುಗಿದು ಹತ್ತಿ ಒಡೆಯಿತೆಂದರೆ ಶಿವಲೀಲಾಳ ಜಾಗ ಖಾಲಿ; ಹತ್ತಿ ಮುಗಿದು ಮೆಣಸಿನಕಾಯಿ ಕೆಂಪಾಯಿತೆಂದರೆ ಮತ್ತೆ ಖಾಲಿ. ಅವಳೊಬ್ಬಳದೇ ಅಲ್ಲ, ಮೊರಬದ ಬೆಂಚುಗಳಲ್ಲಿ ಆ ದಿನಗಳಲ್ಲಿ ಹಲ್ಲು ಬಿದ್ದ ಬಾಯಿಯಂತೆ ಅಲ್ಲಲ್ಲಿ ಕಿಂಡಿ. ಆದರೂ ಒಂದು ಸಂಗತಿ ನನಗೆ ಆಶ್ಚರ್ಯವಾಗುತ್ತಿತ್ತು. ಇಂದು ಬಿಟ್ಟವಳು ನಾಡಿದ್ದು ಬಂದಾಗ, ನಾನು ಅವಳಿಲ್ಲದಾಗ ಮಾಡಿದ ಲೆಕ್ಕವನ್ನು ಕೇಳಿದರೆ, ಬೋರ್ಡಿಗೆ ಬಂದು ಮಾಡಿ ತೋರಿಸುತ್ತಿದ್ದಳು. ಹೆಚ್ಚು ಮಾತಿಲ್ಲ, ಎಡಗೈಯಲ್ಲಿ ಸೆರಗಿನಂತೆ ದುಪಟ್ಟಾ ಹಿಡಿದು, ಬಲಗೈಯಲ್ಲಿ ಸುಣ್ಣದ ಕಡ್ಡಿ ಹಿಡಿದು, ಮಾಡಿಟ್ಟು ಹೋಗಿ ಕೂರುವುದು.

"ಇದನ್ನ ಯಾವಾಗ ಕಲತಿಯವ್ವಾ?" ಎಂದು ಒಮ್ಮೆ ಕೇಳಿದೆ.

"ಮುಯ್ಯಿ ಐತ್ರಿ ಟೀಚರ್," ಎಂದಳು, ಅದೇನು ಕೇಳುವ ಮಾತೇ ಎಂಬಂತೆ.

ಮುಯ್ಯಿ ಎಂದರೆ ನಮ್ಮ ಕಡೆಯ ಹೊಲಗಳಲ್ಲಿ ಹಳೆಯ ರೂಢಿ. ಇಂದು ನಿಮ್ಮ ಹೊಲದ ಕಳೆಗೆ ನಮ್ಮ ಮನೆಯವರು ಬಂದರೆ, ನಾಳೆ ನಮ್ಮ ಹೊಲದ ಕಳೆಗೆ ನಿಮ್ಮ ಮನೆಯವರು ಬರಬೇಕು. ನಡುವೆ ರೊಕ್ಕದ ಮಾತಿಲ್ಲ, ಉಪಕಾರದ ಮಾತೂ ಇಲ್ಲ. ಅದೇ ಅದರ ಚೆಂದ. ಮುಯ್ಯಿ ತೀರಿಸಿದವನು ದೊಡ್ಡವನಲ್ಲ, ಪಡೆದವನು ಸಣ್ಣವನಲ್ಲ. ಈ ಹುಡುಗಿಯರು ಹೊಲದ ಆ ರೂಢಿಯನ್ನು ಯಾರಿಗೂ ಹೇಳದೆ ಕೇಳದೆ ತರಗತಿಗೆ ತಂದಿದ್ದರು.

ಶಿವಲೀಲಾಳ ಮುಯ್ಯಿಯ ಜೋಡಿ ಶಾಹೀನ್. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆ, ಮನೆಯ ಪಡಸಾಲೆಯಲ್ಲಿ ಜಮಖಾನೆಯ ಮಗ್ಗ. ಏಳನೆಯವರೆಗೆ ಉರ್ದು ಶಾಲೆಯಲ್ಲಿ ಕಲಿತು ಎಂಟನೆಯದಕ್ಕೆ ನಮ್ಮಲ್ಲಿಗೆ ಬಂದವಳು. ಮಾತಿನಲ್ಲಿ ಅವಳ ಕನ್ನಡ ಯಾರಿಗೂ ಕಡಿಮೆಯಿಲ್ಲ, ಜಗಳಕ್ಕಂತೂ ಒಂದು ಕೈ ಹೆಚ್ಚೇ. ಆದರೆ ಬರೆಯಲು ಕುಳಿತರೆ ಒತ್ತಕ್ಷರಗಳು ಅವಳನ್ನು ಕಂಡು ಓಡಿಹೋಗುತ್ತಿದ್ದವು. ಗಣಿತದಲ್ಲಿ ಮಾತ್ರ ಚುರುಕು. ಸಂಜೆ ಶಾಲೆ ಬಿಟ್ಟ ಮೇಲೆ ಮೊರಬದ ಬಸ್ಸು ಬರುವವರೆಗೆ ಶಿವಲೀಲಾ ಅವರ ಪಡಸಾಲೆಯಲ್ಲಿ ಕೂರುತ್ತಿದ್ದಳು. ಶಾಹೀನ್ ಲೆಕ್ಕ ಹೇಳಿಕೊಡುವುದು, ಶಿವಲೀಲಾ ಕನ್ನಡ ಓದಿಸಿ ಬರೆಸುವುದು, ಅಷ್ಟರಲ್ಲಿ ಬಸ್ಸಿನ ಹಾರ್ನು. ಆ ಲೆಕ್ಕ ಬಸ್ಸಿನಲ್ಲಿ ಕುಳಿತು ಊರು ಮುಟ್ಟಿ, ಮೊರಬದ ಇನ್ನೂ ಇಬ್ಬರು ಹುಡುಗಿಯರಿಗೆ ಮುಯ್ಯಿಯಾಗಿ ಸಲ್ಲುತ್ತಿತ್ತು. ಅವರು ಅದಕ್ಕೆ ಪ್ರತಿಯಾಗಿ ಶಿವಲೀಲಾಳಿಗೆ ವಿಜ್ಞಾನದ ಪಾಠ ಒಪ್ಪಿಸುತ್ತಿದ್ದರು. ಇಷ್ಟು ನನಗೆ ತಿಳಿದಿತ್ತು. ಪಡಸಾಲೆಯಲ್ಲಿ ಲೆಕ್ಕವನ್ನು ಹೇಗೆ ಹೇಳಿಕೊಡುತ್ತಾಳೆಂದು ಮಾತ್ರ ತಿಳಿದಿರಲಿಲ್ಲ.

ತಿಳಿದದ್ದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ. ದೊಡ್ಡ ಪರೀಕ್ಷೆಗೆ ಮುಂಚಿನ ಈ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಆ ವರ್ಷ ಶಾಲೆಗಳ ನಡುವೆ ಅದಲುಬದಲು ಮಾಡಿ ತಿದ್ದಿಸಿದ್ದರು. ನಮ್ಮ ಮಕ್ಕಳ ಗಣಿತ ಬೇರೊಂದು ಊರಿನ ಮಾಸ್ತರರ ಕೈಗೆ ಹೋಯಿತು. ಒಂದು ಮಧ್ಯಾಹ್ನ, ನಾನು ರೊಟ್ಟಿಯ ಡಬ್ಬಿ ಬಿಚ್ಚಿ ಪುಂಡಿಪಲ್ಯ ಬಡಿಸಿಕೊಳ್ಳುತ್ತಿದ್ದಾಗ ಅವರ ಫೋನು ಬಂತು.

"ಟೀಚರ್, ನಿಮ್ಮ ಸಾಲ್ಯಾಗ ಗಣಿತ ಕಲಸ್ತೀರೋ, ನೇಕಾರಿಕಿ ಕಲಸ್ತೀರೋ?"

"ಯಾಕ್ರಿ ಸರ್?"

"ನಾಕು ಪೇಪರಿನ್ಯಾಗ ನಕ್ಷಾದ ಮ್ಯಾಲ ಎಕ್ಸ್ ಅಕ್ಷ ಇಲ್ಲ, ವೈ ಅಕ್ಷ ಇಲ್ಲ. ಅಡ್ಡ ಗೆರಿಗೆ ಹೊಕ್ಕು ಅಕ್ಷ, ನೆಟ್ಟನ ಗೆರಿಗೆ ಹಾಸು ಅಕ್ಷ ಅಂತ ಬರದಾರ. ಒಬ್ಬರು ಬರದಿದ್ರ ನಕ್ಕು ಬಿಡತಿದ್ದೆ. ನಾಕೂ ಮಂದಿ ಅದನ್ನ ಬರದಾರ ಅಂದ್ರ ಏನರ್ಥರಿ? ಒಬ್ಬಾಕಿ ತಪ್ಪು ಮಾಡ್ಯಾಳ, ಉಳದವ್ರು ನೋಡಿ ಇಳಿಸ್ಯಾರ."

ನಾನು ಡಬ್ಬಿ ಮುಚ್ಚಿಟ್ಟೆ. ಅವರು ಕೆಟ್ಟ ಮನುಷ್ಯರಲ್ಲ. ಅವರ ಜಾಗದಲ್ಲಿ ಕುಳಿತಿದ್ದರೆ ನಾನೂ ಹಾಗೆಯೇ ಎಣಿಸುತ್ತಿದ್ದೆ. ಸರಿಯಾದ ಉತ್ತರಗಳು ಎಲ್ಲರಲ್ಲೂ ಒಂದೇ ಇರುತ್ತವೆ, ಅದರಿಂದ ಯಾರಿಗೂ ಸಂಶಯ ಬರುವುದಿಲ್ಲ. ತಪ್ಪು ಮಾತ್ರ ಒಬ್ಬೊಬ್ಬರದು ಒಂದೊಂದು ಬಗೆ ಇರಬೇಕು. ನಾಲ್ವರ ತಪ್ಪು ಒಂದೇ ಮುಖ ಹೊತ್ತು ಬಂದರೆ ಯಾವ ಮಾಸ್ತರರಾದರೂ ತಲೆ ಎತ್ತಿ ನೋಡುತ್ತಾರೆ. ಅವರು ನಮ್ಮ ಹೆಡ್‌ಮಾಸ್ತರರಿಗೂ ವಿಷಯ ತಿಳಿಸಿದ್ದರು. ಹೆಡ್‌ಮಾಸ್ತರರು ಸಜ್ಜನರು, ಆದರೆ ಹೆದರಿಕೆಯ ಸಜ್ಜನರು; ಸಂಜೆಯೊಳಗೆ ನಾಲ್ವರ ಮನೆಗೂ ಹೇಳಿ ಕಳಿಸಿದರು.

ಮರುದಿನ ಬಂದವಳು ಬಸವ್ವ. ಮೆಣಸಿನಕಾಯಿ ಬಿಡಿಸುವ ಕೆಲಸದಿಂದ ನೇರವಾಗಿ ಬಂದಿದ್ದಳು. ಸುಗ್ಗಿಯ ಬಿಸಿಲಿನ ದಿನ, ಕಾಲಲ್ಲಿ ಹಸಿ ಮಣ್ಣಿರಲಿಲ್ಲ, ಆದರೂ ಆ ಕಬ್ಬಿಣದ ಪಟ್ಟಿಯ ಹತ್ತಿರವೇ ನಿಂತುಬಿಟ್ಟಳು. ಒಳಗೆ ಬಾ ಎಂದರೆ, "ಬ್ಯಾಡ್ರಿ ಅಕ್ಕಾರ, ಕೈ ಕಾಲೆಲ್ಲ ಖಾರ ಆಗ್ಯಾವ," ಎಂದಳು. ಎರಡೂ ಕೈಗಳನ್ನು ಮೈಯಿಂದ ದೂರ, ಬೇರೆಯವರ ಕೈಗಳೆಂಬಂತೆ ಹಿಡಿದುಕೊಂಡಿದ್ದಳು. ಖಾರದ ಕೈ ಕಣ್ಣಿಗೆ ತಾಗಿದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಣ್ಣೀರು ಬಂದರೂ ಒರೆಸಿಕೊಳ್ಳುವಂತಿಲ್ಲ.

"ಖರೇನ್ರಿ? ನನ್ನ ಮಗಳು ಕಾಪಿ ಹೊಡದಾಳ?"

"ಇನ್ನೂ ಗೊತ್ತಿಲ್ಲ ಬಸವ್ವ. ಕೇಳೂಣು ತಡಿ."

"ಕೇಳೂದೇನೈತ್ರಿ? ನಮ್ಮ ಗ್ಯಾಂಗಿನವ್ರು ದಿನಾ ಅಂತಾರ, ಬೆಳದ ಹುಡುಗಿ ಮನ್ಯಾಗ ಇಟ್ಕೊಂಡು ಸಾಲಿಗೆ ಯಾಕ ಕಳಸ್ತಿ, ಎರಡು ಕೈ ಹೆಚ್ಚಾಗತಾವ ಬಾ ಅಂತ. ನನ್ನ ಮಗಳು ಶಾಣ್ಯಾ ಅದಾಳ ಅಂತ ಅವ್ರ ಬಾಯಿ ಮುಚ್ಚಿಸೇನಿ. ಈಗ ಅವ್ರ ಮುಂದ ಯಾವ ಮಾರಿ ಇಟ್ಕೊಂಡು ಟ್ಯಾಕ್ಟರ್ ಹತ್ತಲಿ? ಕಾಪಿ ಹೊಡಿಯಾಕ ಸಾಲಿ ಯಾಕ್ರಿ ಬೇಕು? ನಾಳೆಯಿಂದ ಬುಟ್ಟಿ ತಗೊಂಡು ನನ್ನ ಕೂಡ ಬರಲಿ."

ಶಿವಲೀಲಾ ಕಂಬದ ಹಿಂದೆ ನಿಂತಿದ್ದಳು. ಬಸವ್ವ ಅಂದದ್ದನ್ನು ಮಾಡುವ ಹೆಂಗಸು. ಅವಳು ನಾಳೆ ಎಂದರೆ ನಾಳೆಯೇ. ಪರೀಕ್ಷೆ ಹತ್ತಿರ ಬಂದಿತ್ತು. ಇಷ್ಟು ದಿನ ಹತ್ತಿ, ಮೆಣಸಿನಕಾಯಿಗಳ ನಡುವೆ ತೂರಿ ಬಂದ ಹುಡುಗಿ ಬಾಗಿಲಿನ ಹತ್ತಿರ ಬಂದು ಹೊರಗೆ ಉಳಿದುಬಿಡುತ್ತಾಳೆ ಎಂಬುದಷ್ಟೇ ಆಗ ನನ್ನ ತಲೆಯಲ್ಲಿ ಕುಳಿತದ್ದು.

"ಶನಿವಾರ ಮುಂಜಾನೆ ಒಂದು ತಾಸು ಬಾ ಬಸವ್ವ. ಪೇಪರ್ ತಿದ್ದಿದ ಮಾಸ್ತರನ್ನೂ ಕರಸ್ತೇನಿ. ನಿನ್ನ ಕಣ್ಣಮುಂದ ಕೇಳೂಣು. ಅಲ್ಲೀತನಾ ಏನೂ ಅನಬ್ಯಾಡ."

"ಕೂಲಿ ಬಿಟ್ಟು ಬರಬೇಕ್ರಿ," ಎಂದಳು. ಮಗಳ ಕಡೆ ನೋಡಿ, "ಬರ್ತೇನಿ," ಎಂದಳು.

ಅವಳು ಹೋದ ಮೇಲೆ ಇಬ್ಬರೂ ಹುಡುಗಿಯರನ್ನು ಕರೆದು ಕೂರಿಸಿಕೊಂಡೆ. ಶಾಹೀನ್ ಮೊದಲೇ ಸಿಟ್ಟಿನಲ್ಲಿದ್ದಳು. ಸಿಟ್ಟು ಯಾರ ಮೇಲೆಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ. "ಟೀಚರ್, ನಾವು ಮೂರು ರೂಮಿನ್ಯಾಗ ಕುಂತಿದ್ವಿ. ಗ್ವಾಡಿ ತೂತು ಮಾಡಿ ನೋಡಿದ್ವೇನ್ರಿ?" ಎಂದಳು. ಆಮೇಲೆ ಸಾವಕಾಶವಾಗಿ ವಿಷಯ ಹೊರಬಿತ್ತು. ನಕ್ಷೆಯ ಪಾಠ ಮಾಡಿದ ದಿನಗಳಲ್ಲಿ ಶಿವಲೀಲಾ ಹತ್ತಿ ಬಿಡಿಸಲು ಹೋಗಿದ್ದಳು. ಸಂಜೆ ಪಡಸಾಲೆಯಲ್ಲಿ ಶಾಹೀನ್ ಎಷ್ಟು ಹೇಳಿದರೂ ಯಾವುದು ಎಕ್ಸ್, ಯಾವುದು ವೈ ಎಂದು ಅವಳಿಗೆ ಹಿಡಿಯಲೊಲ್ಲದು; ಎರಡು ಗೆರೆಗಳೂ ಅವಳಿಗೆ ಒಂದೇ. ಎದುರಿಗೆ ಮಗ್ಗ ನಿಂತಿತ್ತು. ನವಲಗುಂದದ ಜಮಖಾನೆಯ ಮಗ್ಗ ಮಲಗಿದ ಮಗ್ಗವಲ್ಲ, ನಿಂತ ಮಗ್ಗ: ಹಾಸಿನ ನೂಲು ಮೇಲಿನಿಂದ ಕೆಳಗೆ ನೆಟ್ಟಗೆ, ಹೊಕ್ಕಿನ ನೂಲು ಎಡದಿಂದ ಬಲಕ್ಕೆ ಅಡ್ಡ. ಶಾಹೀನಳ ಅಮ್ಮಿ ಪಂಜಾ ಎಂಬ ಕಬ್ಬಿಣದ ಬಾಚಣಿಗೆಯಿಂದ ಹೊಕ್ಕನ್ನು ಬಡಿದು ಕೂರಿಸುತ್ತಿದ್ದರು. "ನೋಡಲೇ, ಹೊಕ್ಕಿನ ಗುಂಟ ಮೂರು ಹೋಗು, ಹಾಸಿನ ಗುಂಟ ಎರಡು ಏರು, ಅಲ್ಲಿ ಒಂದು ಬಣ್ಣದ ಗಂಟು. ಅಷ್ಟ," ಎಂದಿದ್ದಾಳೆ. ಶಿವಲೀಲಾಳಿಗೆ ಅಂದು ಹಿಡಿದದ್ದು ಬಿಡಲಿಲ್ಲ. ಅದೇ ಬಸ್ಸು ಹತ್ತಿ ಮೊರಬಕ್ಕೂ ಹೋಯಿತು, ಹೇಳಿ ಹೇಳಿ ಶಾಹೀನಳ ಕೈಗೂ ಅದೇ ರೂಢಿಯಾಯಿತು.

ಎಕ್ಸ್, ವೈ ಎಂಬ ಅಕ್ಷರಗಳನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಅವು ಬಂದ ದಾರಿ ನಮಗೆ ಗೊತ್ತಿಲ್ಲ, ಯಾರೋ ಇಟ್ಟ ಹೆಸರು, ನಾವೂ ಹಾಗೆಯೇ ಕರೆಯುತ್ತೇವೆ. ಈ ಹುಡುಗಿಯರಿಗೆ ಮಾತ್ರ ಎರಡು ಗೆರೆಗಳಿಗೂ ಮನೆ ಇತ್ತು, ತಾಯಿ ಇದ್ದಳು, ಹೆಸರು ಹಿಡಿದು ಕರೆದರೆ ಓ ಎನ್ನುತ್ತಿದ್ದವು. ಹಾಗಂತ ಪರೀಕ್ಷೆಯ ಹಾಳೆ ಇದನ್ನೆಲ್ಲ ಕೇಳುತ್ತದೆಯೇ? ಕೇಳುವುದಿಲ್ಲ, ಅದಕ್ಕೆ ಬಾಯಿಯೂ ಇಲ್ಲ, ಕಿವಿಯೂ ಇಲ್ಲ. ಅದಕ್ಕೇ ಶನಿವಾರದವರೆಗೆ ಕಾದೆ.

ಶನಿವಾರ ಆ ಮಾಸ್ತರರು ಬೈಕಿನಲ್ಲಿ ಬಂದರು. ಮಗ್ಗದ ವಿಷಯವನ್ನು ನಾನು ಫೋನಿನಲ್ಲಿ ಮೊದಲೇ ಹೇಳಿದ್ದೆ. ಹೆಡ್‌ಮಾಸ್ತರರು ಚಹಾ ತರಿಸಿದರು, ಮಾಸ್ತರರು ಅರ್ಧ ಕುಡಿದು ಎದ್ದು, "ಹುಡುಗಿನ್ನ ಬೋರ್ಡಿಗೆ ಕರೀರಿ," ಎಂದರು. ಬಸವ್ವ ಬಾಗಿಲ ಹೊರಗೇ ನಿಂತಿದ್ದಳು, ಇಂದು ಕೈ ತೊಳೆದುಕೊಂಡು ಬಂದಿದ್ದಳು, ಆದರೂ ಹೊಸ್ತಿಲು ದಾಟಲಿಲ್ಲ.

ಮಾಸ್ತರರು ಯಾವ ಪುಸ್ತಕದಲ್ಲೂ ಇಲ್ಲದ ಎರಡು ಸಮೀಕರಣಗಳನ್ನು ಬಾಯಿಂದಲೇ ಹೇಳಿ, ನಕ್ಷೆ ಎಳೆದು ಬಿಡಿಸು ಎಂದರು. ಶಿವಲೀಲಾ ಎರಡು ಗೆರೆ ಎಳೆದಳು. ಹೆಸರು ಬರೆಯಲು ಹೋದಾಗ ಕೈ ತನ್ನ ರೂಢಿಗೆ ತಾನು ಹೋಗಿ, ಅಡ್ಡ ಗೆರೆಯ ತುದಿಗೆ 'ಹೊಕ್ಕು' ಎಂದು ಬರೆದುಬಿಟ್ಟಿತು.

"ಏ, ಎಕ್ಸ್ ಅಂತ ಬರಿಯೇ ನಮ್ಮವ್ವಾ!" ಎಂದು ಶಾಹೀನ್ ಕುಳಿತಲ್ಲಿಂದಲೇ ಒದರಿದಳು. ತರಗತಿ ಗೊಳ್ಳೆಂದಿತು. ಹೆಡ್‌ಮಾಸ್ತರರು ಹಣೆ ಒರೆಸಿಕೊಂಡರು.

"ಇರಲಿ ಇರಲಿ, ಹಂಗ ಇರಲಿ," ಎಂದರು ಮಾಸ್ತರರು. "ಮುಂದ ಹೋಗು."

ಅವಳು ಬಿಂದುಗಳನ್ನು ಕಂಡುಹಿಡಿದಳು, ಗೆರೆಗಳನ್ನು ಕೂಡಿಸಿದಳು, ಎರಡು ಗೆರೆ ಒಂದನ್ನೊಂದು ಕತ್ತರಿಸಿದ ಕಡೆ ಸುಣ್ಣದ ಕಡ್ಡಿಯನ್ನು ಒತ್ತಿ ಒಂದು ಚುಕ್ಕೆ ಇಟ್ಟಳು. ಉತ್ತರ ಸರಿಯಿತ್ತು. ಮಾಸ್ತರರದು ಇನ್ನೂ ಮುಗಿದಿರಲಿಲ್ಲ.

"ಎಲ್ಲಾ ಬರೋಬರಿ. ಒಂದು ಕೇಳ್ತೇನಿ ನೋಡು. ಮಗ್ಗದ ಮ್ಯಾಲ ಒಂದು, ಎರಡು, ಮೂರು ಅಂತ ಏರತೀರಿ, ಒಪ್ಪಿದೆ. ಆದ್ರ ಇಲ್ಲಿ ಕೆಳಗ ಮೈನಸ್ ಒಂದು, ಮೈನಸ್ ಎರಡು ಅಂತ ಬರದಿ. ಮಗ್ಗದಾಗ ಮೈನಸ್ ಎಲ್ಲಿ ಐತಿ?"

ಇದು ನನಗೂ ಹೊಳೆದಿರದ ಪ್ರಶ್ನೆ. ಶಿವಲೀಲಾ ಬೋರ್ಡನ್ನು ನೋಡಿದಳು. ಶಾಹೀನ್ ಕಡೆ ನೋಡಿದಳು. ಶಾಹೀನ್ ತಾನೂ ಬೋರ್ಡನ್ನೇ ನೋಡುತ್ತಿದ್ದಳು. ಬಾಗಿಲ ಹೊರಗೆ ಬಸವ್ವ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. ಇಂಥ ಪ್ರಶ್ನೆಗೆ ಎಷ್ಟು ಮಕ್ಕಳು ತಲೆ ತಗ್ಗಿಸಿ ಹೋಗಿ ಕುಳಿತುಬಿಟ್ಟದ್ದನ್ನು ನಾನು ಕಂಡಿದ್ದೇನೆ. ಇವಳು ಕೂರಲಿಲ್ಲ.

"ಸರ್," ಎಂದಳು, "ತಪ್ಪು ನೇಯ್ದ್ರ ಬಿಚ್ಚಬೇಕಾಗತೈತ್ರಿ. ಶಾಹೀನ್ ಅಮ್ಮಿ ಒಂದೊಂದ್ಸಲ ಬಿಚ್ಚತಾರ. ಮೂರು ಸಾಲು ನೇಯ್ದ್ರ ಪ್ಲಸ್ ಮೂರು. ಮೂರು ಸಾಲು ಬಿಚ್ಚಿದ್ರ ಮೈನಸ್ ಮೂರು. ನೇಯೂದು ಮ್ಯಾಲಕ್ಕ ಹೋಗತೈತಿ, ಬಿಚ್ಚೂದು ಕೆಳಕ್ಕ ಬರತೈತಿ. ನಡು ಎಲ್ಲಿ ಇಟ್ಕೊಂಡೀವಿ ಅಲ್ಲಿಂದ ಎಣಸೂದ್ರಿ."

ಮಾಸ್ತರರು ಏನಾದರೂ ಹೇಳುವ ಮೊದಲೇ ಶಾಹೀನ್ ಎದ್ದು ನಿಂತಿದ್ದಳು. "ಇದನ್ನ ನಾ ಹೇಳಿಕೊಟ್ಟಿಲ್ರಿ ಸರ್! ಅಲ್ಲಾನ ಆಣಿ, ಇದನ್ನ ನಾ ಹೇಳಿಕೊಟ್ಟಿಲ್ಲ! ಇಷ್ಟ ದಿನಾ ನನ್ನ ಮುಂದ ಯಾಕ ಹೇಳಿಲ್ಲಲೇ ನೀ?"

"ಈಗ ಹೊಳೀತಲೇ," ಎಂದಳು ಶಿವಲೀಲಾ.

ಮಾಸ್ತರರು ನಕ್ಕರು. ಮೊದಲು ಮೀಸೆಯಲ್ಲಿ, ಆಮೇಲೆ ಬಾಯಿತುಂಬ. ಅವರ ಕೈಯಲ್ಲಿದ್ದ ಅನುಮಾನವನ್ನು ಶಾಹೀನಳ ಆ ಜಗಳದ ಧ್ವನಿಯೇ ಕಸಿದುಕೊಂಡಿತ್ತು. ಯಾಕೆಂದರೆ ನೋಡಿ ಇಳಿಸಿದವರಿಗೆ ಮೂಲದಲ್ಲಿ ಇಲ್ಲದ್ದು ಹೊಳೆಯುವುದಿಲ್ಲ. ಅವರು ಬಾಗಿಲ ಕಡೆ ತಿರುಗಿ ದೊಡ್ಡ ಧ್ವನಿಯಲ್ಲಿ, "ಕಾಪಿ ಅಲ್ಲ ತಾಯಿ. ನಿನ್ನ ಮಗಳು ಕಲತ ಬರದಾಳ. ತಪ್ಪು ತಿಳಕೊಂಡಾವ ನಾನು," ಎಂದರು.

"ಎಲ್ಲಾರ ಮುಂದ ಹೇಳೀರಿ, ಅಷ್ಟ ಸಾಕ್ರಿ," ಎಂದಳು ಬಸವ್ವ. ಅಲ್ಲಿಗೆ ಬಿಡುವ ಹೆಂಗಸಲ್ಲ ಅವಳು. "ಮತ್ತ ಮಾರ್ಕ್ಸ್ ಪೂರಾ ಕೊಡತೀರಲ್ಲ?"

"ಅರ್ಧಾ ಮಾರ್ಕ್ಸ್ ಕಡೀತೇನಿ."

"ಎಲ್ಲಾ ಖರೇ ಐತಿ ಅಂದ ಮ್ಯಾಲ ಅರ್ಧಾ ಯಾಕ್ರಿ ಕಡೀತೀರಿ?"

"ದೊಡ್ಡ ಪರೀಕ್ಷಾ ಪೇಪರ್ ಎಲ್ಲೋ ದೂರ ಹೋಗತಾವ ತಾಯಿ. ಅಲ್ಲಿ ನೋಡಾವ್ರಿಗೆ ಮಗ್ಗ ಗೊತ್ತಿರೂದಿಲ್ಲ. ಈಗ ಅರ್ಧಾ ಕಡದ್ರ ಅವಾಗ ನೆನಪ ಇಟ್ಕೋತಾಳ."

ಬಸವ್ವ ತಲೆಯಾಡಿಸಿದಳು. "ಆತ್ರಿ, ಕಡೀರಿ," ಎಂದು ಅಪ್ಪಣೆ ಕೊಟ್ಟಳು. ಮಗಳ ಕಡೆ ನೋಡಿ, "ಸೋಮವಾರ ಟ್ಯಾಕ್ಟರಿಗೆ ಬರಬ್ಯಾಡ. ಪರೀಕ್ಷಿ ಮುಗಿಯೂತನಾ ಮೆಣಸಿನಕಾಯಿ ನಾ ಒಬ್ಬಾಕೀನ ಬಿಡಿಸ್ತೇನಿ," ಎಂದು ಹೇಳಿ ಹೊರಟೇಹೋದಳು. ಬಸ್ಸಿನ ಹೊತ್ತಾಗಿತ್ತು.

ಅಂದಿನಿಂದ ಪರೀಕ್ಷೆಯವರೆಗೆ ಆ ನಾಲ್ವರೂ ದಿನಕ್ಕೊಂದು ನಕ್ಷೆ ಎಳೆದು ನನಗೆ ತೋರಿಸುತ್ತಿದ್ದರು, ಅಕ್ಷಗಳಿಗೆ ಪುಸ್ತಕದ ಹೆಸರು ಬರೆದು. ಮನಸ್ಸಿನಲ್ಲಿ ಹೊಕ್ಕು, ಕೈಯಲ್ಲಿ ಎಕ್ಸ್. ತಪ್ಪಿ ಹಳೆಯ ಹೆಸರು ಬರೆದವರು ಉಳಿದ ಮೂವರಿಗೂ ಶೇಂಗಾದ ಉಂಡೆ ತಂದುಕೊಡಬೇಕೆಂಬ ಕರಾರು ಅವರವರಲ್ಲೇ ಆಗಿತ್ತು. ಶಾಹೀನ್ ಬೇಕೆಂದೇ ಇನ್ನೊಬ್ಬರನ್ನು ಮಾತಿಗೆಳೆದು ತಪ್ಪಿಸುತ್ತಿದ್ದಳೆಂದು ನನ್ನ ಗುಮಾನಿ. ಮುಯ್ಯಿ ನಿಲ್ಲಲಿಲ್ಲ, ತರಗತಿಯ ತುಂಬ ಹಬ್ಬಿತು. ಪೇಟೆಯ ಹುಡುಗರು ಮೊದಲು ನಕ್ಕವರು, ಆಮೇಲೆ ತಮಗೂ ಒಂದು ಜೋಡಿ ಬೇಕೆಂದರು. ಇದರಲ್ಲಿ ನಾನು ಮಾಡಿದ್ದು ಹೆಚ್ಚೇನಿಲ್ಲ. ಸಂಜೆ ಬಸ್ಸು ಬರುವವರೆಗೆ ಒಂದು ಕೋಣೆಯ ಬೀಗ ಹಾಕದೆ ಬಿಡಿ ಎಂದು ಹೆಡ್‌ಮಾಸ್ತರರನ್ನು ಕೇಳಿಕೊಂಡೆ, ಅವರು ಹೂಂ ಎಂದರು.

ಫಲಿತಾಂಶ ಬಂತು. ನಾಲ್ವರೂ ಪಾಸಾದರು, ಶಾಹೀನಳಿಗೆ ಕನ್ನಡದಲ್ಲಿ ಬಂದ ಅಂಕವನ್ನು ನೋಡಿ ಶಿವಲೀಲಾ, ಶಿವಲೀಲಾಳಿಗೆ ಗಣಿತದಲ್ಲಿ ಬಂದದ್ದನ್ನು ನೋಡಿ ಶಾಹೀನ್, ತಮ್ಮದೇ ಅಂಕವೆಂಬಂತೆ ಊರೆಲ್ಲ ಹೇಳಿಕೊಂಡು ತಿರುಗಿದರು. ಊರಿನ ಸರ್ಕಲ್ಲಿನಲ್ಲಿ ಬೇರೆ ಶಾಲೆಗಳ ಫ್ಲೆಕ್ಸ್ ಎದ್ದವು, ನಗುವ ಮುಖಗಳು, ಮುಖಗಳ ಕೆಳಗೆ ಅಂಕಿಗಳು. ಆ ಮಕ್ಕಳೂ ಕಷ್ಟಪಟ್ಟವರೇ, ನನಗೆ ಅವರ ಮೇಲೆ ಯಾವ ಸಿಟ್ಟೂ ಇಲ್ಲ. ನಮ್ಮ ಶಾಲೆಯ ಫ್ಲೆಕ್ಸ್ ಏಳಲಿಲ್ಲ. ಒಂದು ವೇಳೆ ಎದ್ದಿದ್ದರೆ ಅದರ ಮೇಲೆ ಯಾರ ಅಂಕ ಯಾರ ಮುಖದ ಕೆಳಗೆ ಹಾಕಬೇಕಿತ್ತೋ, ನನಗಂತೂ ತಿಳಿಯದು. ಒಬ್ಬಳ ಗಣಿತ ಇನ್ನೊಬ್ಬಳ ಪಡಸಾಲೆಯಲ್ಲಿ ಹುಟ್ಟಿದ್ದು. ಇನ್ನೊಬ್ಬಳ ಒತ್ತಕ್ಷರಗಳು ಇವಳ ಬಾಯಿಂದ ನಡೆದು ಬಂದದ್ದು. ಮಗ್ಗದಿಂದ ಇಳಿಸಿದ ಜಮಖಾನೆಯಲ್ಲಿ ಇದು ಹಾಸಿನ ಪಾಲು, ಇದು ಹೊಕ್ಕಿನ ಪಾಲು ಎಂದು ಹಂಚಿಕೊಡಲು ಹೋದರೆ ಕೈಯಲ್ಲಿ ಉಳಿಯುವುದು ಬರೀ ನೂಲಿನ ಉಂಡೆ.

ಈಗ ಮದುವೆ ಮನೆಯಲ್ಲಿ ಯಾರಾದರೂ 'ಇಂಥಾ ಹುಡುಗೂರು' ಎಂದರೆ ನಾನು ಹುಗ್ಗಿ ನುಂಗಿ, ನೀರು ಕುಡಿದು, ಸಾವಕಾಶವಾಗಿ ತಿರುಗಿ, "ಹೌದ್ರಿ, ಇಂಥಾ ಹುಡುಗೂರು ನಮ್ಮ ಸಾಲ್ಯಾಗಷ್ಟ ಸಿಗತಾರ," ಎನ್ನುತ್ತೇನೆ. ಅಕ್ಷರ ಅವೇ ಎರಡು. ಹರಳು ಮಾತ್ರ ಈಗ ನನ್ನ ಹಲ್ಲಿಗೆ ಸಿಗುವುದಿಲ್ಲ.

ಮಳೆ ಹಿಡಿದ ಮೇಲೆ, ಕಾಲೇಜಿಗೆ ಸೇರಲು ವರ್ಗಾವಣೆ ಪತ್ರ ಬೇಕೆಂದು ಶಿವಲೀಲಾ ಶಾಲೆಗೆ ಬಂದಳು. ಹಿಂದಿನ ರಾತ್ರಿ ಚೆನ್ನಾಗಿ ಸುರಿದಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಜೊತೆಗೆ ಶಾಹೀನ್, ಹಿಂದೆ ಬಸವ್ವ. ಹುಡುಗಿಯರು ಎಂದಿನಂತೆ ತಳ್ಳಾಡುತ್ತ ಪಟ್ಟಿಯ ಮೇಲೆ ಕಾಲು ಕೆರೆದು ಮೆಟ್ಟಿಲು ಹತ್ತಿದರು. ಶಾಹೀನಳ ಹರಳಿನ ಚಪ್ಪಲಿಗೂ ಅಂದು ಅಂಚಿನವರೆಗೆ ಕರಿಮಣ್ಣು ಮೆತ್ತಿತ್ತು. ಗೆಳತಿಯ ಮನೆಗೆ ಮೊರಬಕ್ಕೆ ಹೋಗಿ ಅಲ್ಲಿಯೇ ಉಳಿದು ಬಂದಿದ್ದಳಂತೆ. ನನ್ನ ಚಪ್ಪಲಿ ನೋಡುವ ವಿದ್ಯೆ ಆ ದಿನ ನನ್ನನ್ನು ಚೆನ್ನಾಗಿಯೇ ಮೋಸಮಾಡಿತು, ಮತ್ತು ಮೋಸಹೋದದ್ದಕ್ಕೆ ನನಗೆ ಹಿಗ್ಗಾಯಿತು.

ಬಸವ್ವ ಪಟ್ಟಿಯ ಹತ್ತಿರ ನಿಂತಳು. ಅಲ್ಲಿಯೇ ನಿಲ್ಲುತ್ತಾಳೆಂದು ತಿಳಿದು, ಒಳಗೆ ಬಾ ಎಂದು ಕರೆಯಲು ನಾನು ಬಾಯಿ ತೆರೆದೆ. ಅವಳು ಒಂದು ಕಾಲನ್ನು ಪಟ್ಟಿಯ ಸವೆದ ತಗ್ಗಿಗೆ ಇಟ್ಟು, ಗಟ್ಟಿಯಾಗಿ ಎಳೆದಳು. ಮತ್ತೊಂದು ಕಾಲನ್ನೂ ಇಟ್ಟು ಎಳೆದಳು. ಮಗಳ ಮಣ್ಣು, ಶಾಹೀನಳ ಮಣ್ಣು, ಅವಳ ಮಣ್ಣು ಎಲ್ಲ ಒಂದೇ ಗುಪ್ಪೆಯಾಗಿ ಕೆಳಗೆ ಬಿತ್ತು. ಆಮೇಲೆ ಸೆರಗು ಸರಿಮಾಡಿಕೊಂಡು, ಯಾರಾದರೂ ಕರೆಯಲೆಂದು ಕಾಯದೆ, ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ನನ್ನ ಮುಂದೆಯೇ ಹಾಯ್ದು ಒಳಗೆ ಹೋದಳು.

"ಎಲ್ಲಿ ಬರತೈತ್ರಿ ಅಕ್ಕಾರ ಹೆಡ್‌ಮಾಸ್ತರ ಖೋಲಿ?" ಎಂದಳು. "ನಾನ ಕೇಳ್ತೇನಿ ಬಿಡ್ರಿ."